ಲೈಬ್ರರಿ ಲೆಕ್ಕಕ್ಕೆ ಎಷ್ಟು ಟೇಬಲ್ ಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಪುಟ್ಟ ಲೈಬ್ರರಿ ಲೆಕ್ಕ ಪೂರ್ತಿ ಒಂದೇ ಎಕ್ಸೆಲ್ ಶೀಟ್‌ನಲ್ಲಿದೆ. ಪುಸ್ತಕ, ಒಯ್ದವರ ಹೆಸರು, ಫೋನ್, ತಾರೀಖು ಎಲ್ಲ ಒಂದೇ ಸಾಲಿನಲ್ಲಿ. ಯಾರದಾದರೂ ನಂಬರ್ ಬದಲಾದರೆ ಹತ್ತಾರು ಕಡೆ ತಿದ್ದಬೇಕು. ಡೇಟಾಬೇಸ್ ಮಾಡೋದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಪೆನ್ನು, ಕಾಗದ ತಗೊಳ್ಳಿ. ಈ ಪುಸ್ತಕ ಈಗ ಯಾರ ಹತ್ತಿರ ಇದೆ, ಯಾರು ಇನ್ನೂ ವಾಪಸ್ ಕೊಟ್ಟಿಲ್ಲ, ಹೀಗೆ ನಿಮಗೆ ಉತ್ತರ ಬೇಕಾದ ಪ್ರಶ್ನೆಗಳನ್ನು ಬರೆದುಕೊಂಡರೆ ಯಾವ ಟೇಬಲ್ (ಒಂದೇ ಬಗೆಯ ಮಾಹಿತಿಯ ಸಾಲು-ಕಾಲಂ ಪಟ್ಟಿ) ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ. ನಿಮಗೆ ಮೂರು ಸಾಕು: ಸದಸ್ಯರು, ಪುಸ್ತಕಗಳು, ಎರವಲು.

ಪ್ರತಿ ಸದಸ್ಯರಿಗೂ ಒಂದು ನಂಬರ್ ಕೊಡಿ, ಅದೇ ಪ್ರೈಮರಿ ಕೀ, ಅಂದರೆ ಟೇಬಲ್‌ನ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ನಂಬರ್. ಹೆಸರನ್ನು ಕೀ ಮಾಡಬೇಡಿ. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥ ಇರೋದು ಮಾಮೂಲು ಅಲ್ವಾ? ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ ಎರಡಕ್ಕೂ ಬೇರೆ ಬೇರೆ ನಂಬರ್ ಇರಲಿ.

ಅಸಲಿ ಕೆಲಸ ಎರವಲು ಟೇಬಲ್‌ನದು. ಸದಸ್ಯರ ನಂಬರ್, ಪುಸ್ತಕದ ನಂಬರ್, ಒಯ್ದ ದಿನ, ವಾಪಸ್ ಬಂದ ದಿನ, ಇಷ್ಟೇ. ಮೊದಲ ಎರಡು ಫಾರಿನ್ ಕೀ, ಅಂದರೆ ಬೇರೆ ಟೇಬಲ್‌ನ ಸಾಲಿಗೆ ಕೈ ತೋರಿಸುವ ನಂಬರ್. ವಾಪಸ್ ದಿನ ಖಾಲಿ ಇದ್ದರೆ ಪುಸ್ತಕ ಇನ್ನೂ ಹೊರಗಿದೆ. ಫೋನ್ ನಂಬರ್ ಸದಸ್ಯರ ಟೇಬಲ್‌ನಲ್ಲಿ ಮಾತ್ರ ಇರೋದರಿಂದ ಒಂದೇ ಕಡೆ ತಿದ್ದಿದರಾಯಿತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ರಿಲೇಷನಲ್ ಮಾದರಿಯೇ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಹಂಚಿ, ಕೀಗಳಿಂದ ಜೋಡಿಸುವ ವಿಧಾನ) ಇದಕ್ಕೆಲ್ಲ ಬುನಾದಿ.

ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಪುಕ್ಕಟೆ, ನಿಮಗೆ ಧಾರಾಳವಾಯಿತು. ಫೋನ್ ಕಾಲಂ ಮಾತ್ರ ಟೆಕ್ಸ್ಟ್ ಆಗಿರಲಿ, ಇಲ್ಲದಿದ್ದರೆ ಮೈಸೂರಿನ ಎಸ್‌ಟಿಡಿ ಕೋಡ್ 0821ರ ಮೊದಲ ಸೊನ್ನೆ ಹಾರಿಹೋಗುತ್ತದೆ.