ಮಳೆ ಕಡಿಮೆಯಾಗಿದೆಯೋ, ಹದ ತಪ್ಪಿದೆಯೋ?

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ, ಶೇಂಗಾ ಬೆಳೆಯುತ್ತೇವೆ. ಮೊದಲಿನಂತೆ ಮಳೆಯೇ ಇಲ್ಲ ಎನ್ನುತ್ತಾರೆ ಹಿರಿಯರು. ಕಚೇರಿಯ ಪಟ್ಟಿ ನೋಡಿದರೆ ವರ್ಷದ ಒಟ್ಟು ಮಳೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿಯಿರಬಹುದು, ಲೆಕ್ಕ ಬೇರೆ ಬೇರೆ. ಪಟ್ಟಿ ವರ್ಷದ ಮಿಲಿಮೀಟರ್ ಕೂಡಿಸುತ್ತದೆ. ಹಿರಿಯರು ನೋಡುವುದು ಯಾವ ನಕ್ಷತ್ರದ ಮಳೆ ಯಾವ ಕೆಲಸಕ್ಕೆ ಒದಗಿತು ಎಂದು. ಜುಲೈ 6ರ ಸುಮಾರಿಗೆ ಹುಟ್ಟುವ ಪುನರ್ವಸು ಮಳೆಯ ಹದಕ್ಕೆ ಶೇಂಗಾ ಬಿತ್ತಿದರೆ 40–45 ದಿನಕ್ಕೆ ಊಡು (ಹೂವಿನಿಂದ ಹೊರಟು ಮಣ್ಣೊಳಗೆ ಹೋಗಿ ಕಾಯಿಯಾಗುವ ಎಳೆ) ಇಳಿಯುತ್ತದೆ. ಆಗ ಮಘೆ ನಡೆಯುತ್ತಿರುತ್ತದೆ. ಕೆಂಪು ನೆಲ ಒಣಗಿ ಗಟ್ಟಿಯಾಗಿದ್ದರೆ ಊಡಿನ ಸೂಜಿಮೊನೆ ಮಣ್ಣಿಗಿಳಿಯದೆ ಮೇಲೆಯೇ ಬಾಡುತ್ತದೆ. ಗಿಡ ಹಸಿರಾಗಿ ಕಂಡರೂ ಕಿತ್ತಾಗ ಕಾಯಿ ಇರುವುದಿಲ್ಲ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎಂಬ ಗಾದೆಯಲ್ಲಿ ಈ ಅನುಭವವೆಲ್ಲ ಇದೆ. ಮಘೆಯ ಹದಿನಾಲ್ಕು ದಿನದಲ್ಲಿ 70 ಮಿ.ಮೀ. ಒಂದೇ ರಾತ್ರಿ ಸುರಿದರೆ ಬಹುಪಾಲು ಹಳ್ಳದ ಪಾಲು, 14 ಮಿ.ಮೀ.ನಂತೆ ಐದು ಸಲ ಬಂದರೆ ಬೆಳೆಯ ಪಾಲು. ಪಟ್ಟಿಯಲ್ಲಿ ಮಾತ್ರ ಎರಡೂ 70.

ನೆನಪೂ ಎಡವುತ್ತದೆ. 2022ರಲ್ಲಿ ನಿಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಹತ್ತಿರದ ಬರ ಕಣ್ಣಿಗೆ ಕಟ್ಟಿರುವಾಗ ಹಳೆಯ ಬರಗಳು ಮಸುಕಾಗುತ್ತವೆ. ಕೊಳವೆಬಾವಿ ಬತ್ತಿದ್ದನ್ನೂ ಪೂರ್ತಿ ಮಳೆಯ ತಲೆಗೆ ಕಟ್ಟುವುದು ಸರಿಯಲ್ಲ. ಇಂಗುವುದಕ್ಕಿಂತ ಹೆಚ್ಚು ಎತ್ತಿದರೆ ಒಳ್ಳೆಯ ಮಳೆಯ ವರ್ಷದಲ್ಲೂ ನೀರು ಕೆಳಗಿಳಿಯುತ್ತದೆ.

ಆದ್ದರಿಂದ ನಿಮ್ಮ ಹೊಲದಲ್ಲೇ ಅಳೆಯಿರಿ. ಮೇಲಿಂದ ಕೆಳಗೆ ಒಂದೇ ಅಗಲವಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆ ತುಂಡನ್ನು ತಲೆಕೆಳಗಾಗಿ ಬಾಯಿಗೆ ಕೂರಿಸಿ. ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ತಳದ ಉಬ್ಬುತಗ್ಗಿಗೆ ಸಿಮೆಂಟ್ ತುಂಬಿ ಸಮ ಮಾಡಿ, ಅಲ್ಲಿಂದ ಮೇಲಕ್ಕೆ ಮಿ.ಮೀ. ಪಟ್ಟಿ ಅಂಟಿಸಿ. ಡೊಳ್ಳುಹೊಟ್ಟೆಯ ಬಾಟಲಿ ತಪ್ಪು ಲೆಕ್ಕ ಕೊಡುತ್ತದೆ. ಮರ, ಗೋಡೆಯಿಂದ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ದಿನಾ ಬೆಳಿಗ್ಗೆ 8.30ಕ್ಕೆ ಓದಿ, ಬರೆದು, ಚೆಲ್ಲಿ.

ಪುಸ್ತಕದಲ್ಲಿ ತಾರೀಖಿನ ಪಕ್ಕ ನಕ್ಷತ್ರವನ್ನೂ ಬರೆಯಿರಿ. 2.5 ಮಿ.ಮೀ. ಅಥವಾ ಹೆಚ್ಚು ಬಂದರೆ ಮಾತ್ರ ಮಳೆದಿನ. ಎರಡು ಮಳೆದಿನಗಳ ನಡುವೆ ಹತ್ತಕ್ಕಿಂತ ಹೆಚ್ಚು ದಿನ ಖಾಲಿ ಹೋದರೆ ಕೆಂಪು ಗೆರೆ ಎಳೆಯಿರಿ. ಹಿರಿಯರ ಜೊತೆ ಕೂತು ಮಾತಾಡುವಾಗ ಒಟ್ಟು ಮೊತ್ತಕ್ಕಿಂತ ಆ ಕೆಂಪು ಗೆರೆಗಳನ್ನು ತೋರಿಸಿ, ಮೊದಲು ಮಘೆಯ ಪುಟವನ್ನು.