ಉಚಿತ ಊಟದ ಮಕ್ಕಳು ಜಾಸ್ತಿ ಇದ್ದರೆ ಶಾಲೆ ಕೆಟ್ಟದಾ?

ಓದುಗರ ಪತ್ರ: ಅಮೆರಿಕದಲ್ಲಿರುವ ಮಗಳು-ಅಳಿಯ ಮನೆ ಕೊಳ್ಳಲು ಹೊರಟಿದ್ದಾರೆ. ಇಷ್ಟಪಟ್ಟ ಮನೆ ಬರುವುದು ಒಂದು ಪಬ್ಲಿಕ್, ಅಂದರೆ ಸರ್ಕಾರಿ, ಹೈಸ್ಕೂಲಿನ ವ್ಯಾಪ್ತಿಗೆ. ಆ ಶಾಲೆಗೆ ಯಾವುದೋ ವೆಬ್‌ಸೈಟಿನಲ್ಲಿ ಹತ್ತಕ್ಕೆ ಐದು ಅಂಕ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಚಿತ ಊಟದವರಂತೆ, ಅಂದರೆ ಆದಾಯ ಕಡಿಮೆ ಇರುವ ಮನೆಯವರು. ಅಳಿಯ ಬೇಡ ಅಂದುಬಿಟ್ಟರು. ನಾನು ಮೇಷ್ಟ್ರಾಗಿ ನಿವೃತ್ತನಾದವನು. ಬಡ ಮಕ್ಕಳಿದ್ದರೆ ಶಾಲೆ ಕೆಟ್ಟದು ಅನ್ನುವುದು ನನಗೆ ಹಿಡಿಸಲಿಲ್ಲ. ಅಷ್ಟಕ್ಕೂ ಮಕ್ಕಳನ್ನು ಬಣ್ಣ, ಭಾಷೆ, ಬಡತನ ಅಂತ ವಿಂಗಡಿಸಿ ಫಲಿತಾಂಶ ಪ್ರಕಟಿಸುವುದೇ ತಪ್ಪಲ್ಲವೇ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಮೊದಲ ಮಾತಿಗೆ ನನ್ನ ಓಟು ಇದೆ. ಎರಡನೆಯದಕ್ಕೆ ಇಲ್ಲ. ಹಾಗೆ ವಿಂಗಡಿಸಿ ತೋರಿಸದೇ ಇದ್ದಿದ್ದರೆ ನಿಮ್ಮ ಅಳಿಯನ ಜೊತೆ ವಾದ ಮಾಡೋಕೆ ನಿಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನೇ ಕಟ್ಟಿದ್ದು. ಮೊದಲ ಶಾಲೆಯಲ್ಲಿ ನೂರಕ್ಕೆ 80 ಮಕ್ಕಳು ಅನುಕೂಲಸ್ಥರ ಮನೆಯವರು, 20 ಮಕ್ಕಳು ಬಡವರು. ಅನುಕೂಲಸ್ಥರಲ್ಲಿ ಶೇ 85, ಬಡವರಲ್ಲಿ ಶೇ 50 ಪಾಸು. ಒಟ್ಟು ಶೇ 78. ಎರಡನೇ ಶಾಲೆಯಲ್ಲಿ 30 ಮಕ್ಕಳು ಅನುಕೂಲಸ್ಥರು, 70 ಬಡವರು. ಅಲ್ಲಿ ಅನುಕೂಲಸ್ಥರಲ್ಲಿ ಶೇ 88, ಬಡವರಲ್ಲಿ ಶೇ 58 ಪಾಸು. ಒಟ್ಟು ಶೇ 67. ಎರಡು ಗುಂಪಿನ ಮಕ್ಕಳೂ ಎರಡನೇ ಶಾಲೆಯಲ್ಲೇ ಚೆನ್ನಾಗಿ ಮಾಡಿದ್ದಾರೆ. ಆದರೂ ಪಟ್ಟಿಯಲ್ಲಿ ಅದು 11 ಅಂಕ ಕೆಳಗೆ. ನಿಮ್ಮ ಅಳಿಯ ನೋಡಿದ್ದು ಈ ಒಟ್ಟು ಅಂಕಿಯನ್ನು ಅಥವಾ ಅದರ ಮೇಲೆ ಕಟ್ಟಿದ ಯಾವುದೋ ಅಂಕವನ್ನು. ಅದು ಹೆಚ್ಚಾಗಿ ಹೇಳುವುದು ಗೇಟಿನೊಳಗೆ ಯಾರು ಬರುತ್ತಾರೆ ಅನ್ನುವುದನ್ನು. ಬಂದವರಿಗೆ ಒಳಗೆ ಏನು ಕಲಿಸಿದರು ಅನ್ನುವುದು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ.

ಇದು ಹೊಸ ವಿಷಯವೇನಲ್ಲ. 1964ರ ನಾಗರಿಕ ಹಕ್ಕುಗಳ ಕಾನೂನಿನ ಪ್ರಕಾರ ಅಲ್ಲಿನ ಸರ್ಕಾರ ಒಂದು ದೊಡ್ಡ ಸಮೀಕ್ಷೆ ಮಾಡಿಸಿತು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅದರ ಮುಂದಾಳು. ಸುಮಾರು 6 ಲಕ್ಷ ಮಕ್ಕಳನ್ನು ಪರೀಕ್ಷಿಸಿ 1966ರಲ್ಲಿ ವರದಿ ಕೊಟ್ಟರು. ಕಟ್ಟಡ, ಲ್ಯಾಬು, ಪುಸ್ತಕಗಳ ವ್ಯತ್ಯಾಸಕ್ಕಿಂತ ಮಗುವಿನ ಮನೆಯ ಹಿನ್ನೆಲೆಗೂ ಅಂಕಕ್ಕೂ ನಂಟು ಬಹಳ ಜಾಸ್ತಿ ಅಂತ ಅದರಲ್ಲಿ ಬಂತು. ಜೊತೆಗೆ ಕೂತು ಓದುವ ಮಕ್ಕಳು ಯಾರು ಅನ್ನುವುದೂ ಮುಖ್ಯ ಅಂತ ಬಂತು. ನಿಮ್ಮ ಅಳಿಯನ ಭಯಕ್ಕೆ ಅಷ್ಟರ ಮಟ್ಟಿಗೆ ಆಧಾರ ಇದೆ, ಇಲ್ಲ ಅನ್ನಲ್ಲ. ಆದರೆ ಈ ವರದಿಯನ್ನು ಓದಿದ ಕೆಲವರು 'ಹಾಗಾದರೆ ಶಾಲೆಯಿಂದ ಏನೂ ಆಗಲ್ಲ' ಅಂತ ಕೈ ತೊಳೆದುಕೊಂಡರು. ಅದು ಸೋಮಾರಿಗಳ ಓದು.

2002ರಲ್ಲಿ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು ಬಂತು. 2014ರೊಳಗೆ ಎಲ್ಲ ಮಕ್ಕಳೂ ಪಾಸಾಗಬೇಕು ಅನ್ನುವ ಅದರ ಗುರಿ ಹುಚ್ಚು ಗುರಿಯೇ, ಬಿಡಿ. ಆದರೆ ಅದು ಮಾಡಿದ ಒಂದು ಕೆಲಸ ಮೆಚ್ಚಬೇಕು. ಕಪ್ಪು ಮಕ್ಕಳು, ಬಡ ಮಕ್ಕಳು, ಅಂಗವಿಕಲ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಹೀಗೆ ಒಂದೊಂದು ಗುಂಪಿನ ಫಲಿತಾಂಶವನ್ನೂ ಬೇರೆಬೇರೆಯಾಗಿ ತೋರಿಸಿ ಲೆಕ್ಕ ಒಪ್ಪಿಸಿ ಅಂತ ಶಾಲೆಗಳನ್ನು ಕೂರಿಸಿತು. ಅದಕ್ಕೆ ಮುಂಚೆ ಒಳ್ಳೆ ಸರಾಸರಿಯ ಶಾಲೆಯೊಂದು ತನ್ನ ಬಡ ಮಕ್ಕಳನ್ನು ಪೂರ್ತಿ ಕೈಬಿಟ್ಟರೂ ಹೊರಗಿನವರಿಗೆ ಗೊತ್ತಾಗುವುದು ಕಷ್ಟವಿತ್ತು. 2015ರಲ್ಲಿ ಬಂದ ಹೊಸ ಕಾನೂನು ಬಹಳಷ್ಟನ್ನು ಬದಲಿಸಿದರೂ ಇದನ್ನು ಮುಟ್ಟಲಿಲ್ಲ.

ಹಾಗಂತ ಗುಂಪಿನ ಅಂಕಿಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. 'ಉಚಿತ ಊಟದವರು' ಅನ್ನುವುದನ್ನೇ ನೋಡಿ. ಮನೆಯ ಆದಾಯ ಸರ್ಕಾರಿ ಬಡತನ ರೇಖೆಯ ಶೇ 130ರೊಳಗೆ ಇದ್ದರೆ ಊಟ ಉಚಿತ, ಶೇ 185ರವರೆಗೆ ರಿಯಾಯಿತಿ. ಹಾಗಾಗಿ ಆ ಒಂದೇ ಹಣೆಪಟ್ಟಿಯ ಕೆಳಗೆ ತೀರಾ ಕಡುಬಡವರೂ ಬರುತ್ತಾರೆ, ಇಬ್ಬರೂ ದುಡಿದು ಹೇಗೋ ಸಂಸಾರ ತೂಗಿಸುವವರೂ ಬರುತ್ತಾರೆ. ಅದರ ಮೇಲೆ, 2010ರ ಕಾನೂನಿನಿಂದ ಇನ್ನೊಂದು ವ್ಯವಸ್ಥೆ ಬಂತು. ಸರ್ಕಾರಿ ನೆರವು ಪಡೆಯುವ ಮನೆಗಳ ಮಕ್ಕಳು ಇಂತಿಷ್ಟು ಪಾಲು ಇದ್ದರೆ, ಶಾಲೆ ಅರ್ಜಿಯನ್ನೇ ಕೇಳದೆ ಎಲ್ಲರಿಗೂ ಉಚಿತ ಊಟ ಹಾಕಬಹುದು. ಮೊದಲು ಆ ಪಾಲು ಶೇ 40 ಇತ್ತು, 2023ರಲ್ಲಿ ಶೇ 25ಕ್ಕೆ ಇಳಿಸಿದರು. ಹಸಿದ ಮಗುವಿಗೆ ಒಳ್ಳೆಯದೇ ಆಯಿತು. ಲೆಕ್ಕ ಮಾತ್ರ ಕೆಟ್ಟಿತು. ಉಚಿತ ಊಟ ಶೇ 100 ಅಂತ ಬರೆದಿರುವ ಶಾಲೆಯಲ್ಲಿ ಬಡವರಲ್ಲದ ಮಕ್ಕಳೂ ಬೇಕಾದಷ್ಟು ಇರಬಹುದು.

ಫಲಿತಾಂಶದ ಪಟ್ಟಿಯಲ್ಲಿ ಇಂಗ್ಲಿಷ್ ಕಲಿಯುತ್ತಿರುವವರ ಸಾಲು ಇನ್ನೂ ತಮಾಷೆಯದು. ಮಗು ಚೆನ್ನಾಗಿ ಇಂಗ್ಲಿಷ್ ಕಲಿತ ಕೂಡಲೇ ಆ ಗುಂಪಿನಿಂದ ಹೊರಗೆ. ಅದರ ಜಾಗಕ್ಕೆ ನಿನ್ನೆ ಮೊನ್ನೆ ವಿಮಾನ ಇಳಿದ ಮಗು ಬರುತ್ತದೆ. ಕಲಿಸುವವರು ಎಷ್ಟೇ ಚೆನ್ನಾಗಿ ಕಲಿಸಲಿ, ಆ ಸಾಲಿನ ಅಂಕ ಮೇಲೇಳುವುದೇ ಕಷ್ಟ. ಇದನ್ನು ಸರಿದೂಗಿಸಲು, ಹೊರಬಿದ್ದ ಮಕ್ಕಳನ್ನೂ ನಾಲ್ಕು ವರ್ಷದವರೆಗೆ ಅದೇ ಲೆಕ್ಕದಲ್ಲಿ ಇಟ್ಟುಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದಾರೆ. ಇನ್ನು 'ಏಷ್ಯನ್' ಅನ್ನುವ ಸಾಲು. ಸಾಫ್ಟ್‌ವೇರ್ ಎಂಜಿನಿಯರಿನ ಮಗಳೂ, ಆಗ್ನೇಯ ಏಷ್ಯಾದಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನಾಂಗದ ಕುಟುಂಬವೊಂದರ ಮೊಮ್ಮಗನೂ ಅಲ್ಲಿ ಒಂದೇ. ನಮ್ಮವರು ಆ ಸಾಲನ್ನು ನೋಡಿ ಬೀಗುವುದು ಉಂಟು. ಎಂಜಿನಿಯರುಗಳನ್ನೇ ಆರಿಸಿ ವೀಸಾ ಕೊಟ್ಟ ಮೇಲೆ ಅವರ ಮಕ್ಕಳಿಗೆ ಗಣಿತದಲ್ಲಿ ಒಳ್ಳೆ ಅಂಕ ಬಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ಅಳಿಯ ಏನು ನೋಡಬೇಕು? ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ಶಾಲೆಗೂ 'ರಿಪೋರ್ಟ್ ಕಾರ್ಡ್' ಪ್ರಕಟಿಸುತ್ತದೆ. ಮೇಲಿನ 'ಎಲ್ಲ ವಿದ್ಯಾರ್ಥಿಗಳು' ಸಾಲು ಬಿಟ್ಟು ಕೆಳಗಿಳಿಯಲಿ. ಈ ಶಾಲೆಯ ಬಡ ಮಕ್ಕಳನ್ನು ಪಕ್ಕದ 'ಒಳ್ಳೆ' ಶಾಲೆಯ ಬಡ ಮಕ್ಕಳ ಜೊತೆ ಹೋಲಿಸಲಿ, ಉಳಿದವರನ್ನು ಉಳಿದವರ ಜೊತೆ. ಕೆಲವು ಕಡೆ ಅಂಕಿಯ ಬದಲು ಬರೀ ನಕ್ಷತ್ರ ಚಿಹ್ನೆಯೋ ಗೆರೆಯೋ ಇರುತ್ತದೆ. ಗುಂಪು ತೀರಾ ಚಿಕ್ಕದು, ಅಂಕಿ ಹಾಕಿದರೆ ಯಾವ ಮಗು ಅಂತ ಗೊತ್ತಾಗಿಬಿಡುತ್ತದೆ, ಅದಕ್ಕೇ ಮುಚ್ಚಿಟ್ಟಿರುತ್ತಾರೆ. ಆಮೇಲೆ ಮಕ್ಕಳು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಎಷ್ಟು ಮುಂದೆ ಹೋದರು ಅನ್ನುವ 'ಗ್ರೋತ್' ಅಂಕ ಇದ್ದರೆ ಅದನ್ನು ನೋಡಲಿ. ನನ್ನ ಕೇಳಿದರೆ ಸರಾಸರಿಗಿಂತ ಅದಕ್ಕೇ ಬೆಲೆ ಜಾಸ್ತಿ. ಗೈರುಹಾಜರಿಯನ್ನೂ ನೋಡಲಿ. ಹತ್ತನೇ ಒಂದು ಭಾಗ ದಿನ, ಅಂದರೆ 180 ದಿನದ ವರ್ಷದಲ್ಲಿ 18 ದಿನ ತಪ್ಪಿಸಿದವರನ್ನು ಬೇರೆಯಾಗಿ ಎಣಿಸುತ್ತಾರೆ. ಮೇಷ್ಟ್ರಾದ ನಿಮಗೆ ಅದರ ಅರ್ಥ ನಾನು ಹೇಳಬೇಕಾಗಿಲ್ಲ.

ಕೊನೆಗೆ, ಶಾಲೆಗೇ ಹೋಗಿ ಗಣಿತದ ಬಗ್ಗೆ ಒಂದು ಪ್ರಶ್ನೆ ಕೇಳಲಿ. ಅಲ್ಲಿ ಸಾಮಾನ್ಯವಾಗಿ ಎಂಟನೇ ಕ್ಲಾಸಿನಲ್ಲಿ 'ಆಲ್ಜೀಬ್ರಾ 1' ಅನ್ನುವ ಬೀಜಗಣಿತದ ಮೊದಲ ಕೋರ್ಸು ಮುಗಿಸಿದ ಮಗು ಹನ್ನೆರಡರಲ್ಲಿ ಕ್ಯಾಲ್ಕುಲಸ್‌ಗೆ ತಲುಪುತ್ತದೆ. ಒಂಬತ್ತರಲ್ಲಿ ಶುರು ಮಾಡಿದ ಮಗುವಿಗೆ ಆ ದಾರಿ ಆಗಲೇ ಬಿಗಿಯಾಗಿರುತ್ತದೆ. ತಡವಾಗಿ ಶುರು ಮಾಡಿದವರಿಗೆ ಬೇಸಿಗೆ ಕ್ಲಾಸೋ, ಒಂದೇ ವರ್ಷ ಎರಡು ಕೋರ್ಸು ತೆಗೆದುಕೊಳ್ಳುವ ಅನುಕೂಲವೋ ಇದೆಯಾ? ಅದನ್ನು ಬಳಸಿಕೊಂಡವರಲ್ಲಿ ಉಚಿತ ಊಟದ ಮಕ್ಕಳು ಎಷ್ಟು? ಹತ್ತಕ್ಕೆ ಒಂಬತ್ತು ಅಂಕದ ಶಾಲೆಗೂ ಇದೇ ಪ್ರಶ್ನೆ ಹಾಕಲಿ. ಎರಡು ಉತ್ತರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಮನೆ ಯಾವುದು ಅಂತ ಅವರೇ ತೀರ್ಮಾನಿಸಲಿ.