ಬಿಳಿ ಪ್ರೈಮರ್ ಮರಳು ಮರಳಾಗೋದಕ್ಕೆ ಡಬ್ಬಿ ಕಾರಣ ಅಲ್ಲ
ಮಿನಿಯೇಚರ್‌ಗೆ (ಬಣ್ಣ ಹಚ್ಚೋ ಪುಟ್ಟ ಗೊಂಬೆಗೆ) ಬಿಳಿ ಪ್ರೈಮರ್, ಅಂದ್ರೆ ಬಣ್ಣಕ್ಕೆ ಮುಂಚೆ ಹೊಡೆಯೋ ತಳಪದರ, ಸ್ಪ್ರೇ ಮಾಡಿದ್ರೆ ಮೈಯೆಲ್ಲ ಮರಳು ಮರಳಾಗ್ತಿದೆ, ಬ್ರ್ಯಾಂಡ್ ಬದಲಾಯಿಸ್ಲಾ ಅಂತ ಕೇಳಿದ್ರಲ್ಲ, ನನಗನ್ಸೋದು ನೀವು ತುಂಬಾ ದೂರದಿಂದ ಹೊಡೀತಿದ್ದೀರಿ, ಹನಿಗಳು ಗಾಳೀಲೇ ಅರ್ಧ ಒಣಗಿ ಪುಡಿಯಾಗಿ ಬಂದು ಕೂರುತ್ವೆ, ಬಿಸಿಲಿದ್ರೆ ಇನ್ನೂ ಜಾಸ್ತಿ. ಡಬ್ಬೀನ 2 ನಿಮಿಷ ಚೆನ್ನಾಗಿ ಅಲ್ಲಾಡ್ಸಿ, 20-25 ಸೆಂ.ಮೀ. ದೂರದಿಂದ ತೆಳ್ಳಗೆ ಎರಡ್ಮೂರು ಸಲ ಹೊಡೀರಿ, ಒಂದೇ ಕಡೆ ನಿಲ್ಲಿಸ್ಬೇಡಿ. ಬಿಳಿ ಸ್ವಲ್ಪ ತಂಟೆನೇ ಬಿಡಿ, ಹೊಸಬ್ರಾದ್ರೆ ಬೂದು ತಗೊಳ್ಳಿ, ಡೀಟೇಲ್ ಚೆನ್ನಾಗಿ ಕಾಣುತ್ತೆ, ಕಪ್ಪು ಪ್ರೈಮರ್ ಮೇಲೆ ಆದಂಗೆ ಆಮೇಲೆ ಹಚ್ಚೋ ಹಳದಿ ಬಣ್ಣ ಮಂಕಾಗಲ್ಲ. ಕಾರಿಗೆ ಹೊಡೆಯೋ ಪ್ರೈಮರೂ ನಡಿಯುತ್ತೆ, ಆದ್ರೆ ಫಿಲ್ಲರ್ ಅಂತಿದ್ರೆ ಬೇಡ, ಅದು ಗೀರು ಮುಚ್ಚೋಕೆ ಮಾಡಿರೋದು, ಕಣ್ಣು ಮೂಗನ್ನೂ ಮುಚ್ಚಿಬಿಡುತ್ತೆ. ಹಾಂ, ರೆಸಿನ್ (ಒಂಥರಾ ಗಟ್ಟಿ ಪ್ಲಾಸ್ಟಿಕ್) ಗೊಂಬೆ ಆದ್ರೆ ಮೊದ್ಲು ಸೋಪ್ ನೀರಲ್ಲಿ ತೊಳೆದು ಒಣಗ್ಸಿ.